ಏಳು ಬೈ ಎಂಟರ ಸ್ಪ್ಯಾನರ್

ನನ್ನ ಗಂಡನ ಬಲಗೈಯ ನಾಲ್ಕು ಬೆರಳು ಹೋದದ್ದು ಚೇಳೂರಿನ ಹತ್ತಿರದ ಒಂದು ನಾರಿನ ಫ್ಯಾಕ್ಟರಿಯಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ. ಆಗ ನಾನು ಗುಬ್ಬಿಯ ನಮ್ಮ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅವತ್ತು ಅವರಿಗೆ ಬೇಕಾಗಿದ್ದ ಸ್ಪ್ಯಾನರ್ ನಮ್ಮ ಅಡುಗೆಮನೆಯಲ್ಲಿ, ರಾಗಿಹಿಟ್ಟಿನ ಡಬ್ಬಿಯ ಹಿಂದೆ ಇತ್ತು. ಅದನ್ನು ಅಲ್ಲಿಟ್ಟವಳು ನಾನು. ಈ ಮಾತನ್ನು ಅವರಿಗೆ ಹೇಳಲು ನನಗೆ ಎರಡು ವರ್ಷ ಮೂರು ತಿಂಗಳು ಬೇಕಾಯಿತು.

ಅವರು ಫಿಟ್ಟರ್. ಐಟಿಐ ಮುಗಿಸಿ ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಲೇತ್ ಶೆಡ್ಡಿನಲ್ಲಿ ಹತ್ತು ವರ್ಷ ದುಡಿದು, ಆಮೇಲೆ ಸ್ವಂತಕ್ಕೆ ಇಳಿದಿದ್ದರು. ನಮ್ಮ ಕಡೆ ತೆಂಗಿಗೆ ಕೊರತೆಯಿಲ್ಲ. ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ಹರಿದು ನಾರು ತೆಗೆಯುವ ಸಣ್ಣ ಸಣ್ಣ ಫ್ಯಾಕ್ಟರಿಗಳು ಚೇಳೂರಿನಿಂದ ಬೆಳ್ಳಾವಿಯವರೆಗೂ ಇವೆ. ಅಲ್ಲಿ ಮಿಷನ್ನು ನಿಂತರೆ ಇವರಿಗೆ ಫೋನು ಬರುತ್ತಿತ್ತು. ಮೊಪೆಡ್ಡಿನ ಮುಂದೆ ಒಂದು ಕ್ಯಾನ್ವಾಸ್ ಬ್ಯಾಗು ಇಟ್ಟುಕೊಂಡು ಹೊರಡುತ್ತಿದ್ದರು. ಬ್ಯಾಗಿನಲ್ಲಿ ಎರಡು ಖಾನೆ. ಒಂದರಲ್ಲಿ ಮಿಲಿಮೀಟರ್ ಲೆಕ್ಕದ ಸ್ಪ್ಯಾನರುಗಳು, ಇನ್ನೊಂದರಲ್ಲಿ ಇಂಚಿನವು. ಹೊಸ ಮಿಷನ್ನುಗಳೆಲ್ಲ ಮಿಲಿಮೀಟರಿನವೇ. ಆದರೆ ಎಲ್ಲಿಂದಲೋ ಸೆಕೆಂಡ್‌ಹ್ಯಾಂಡಿನಲ್ಲಿ ತಂದ ಹಳೇ ಮಿಷನ್ನುಗಳಿಗೆ ಇಂಚಿನ ನಟ್ಟುಗಳು. ಅವುಗಳಲ್ಲಿ ಏಳು ಬೈ ಎಂಟು ಅನ್ನುವ ಅಳತೆಯದು ಬಹಳ ತಂಟೆಯದು. ಇಪ್ಪತ್ತೆರಡರ ಸ್ಪ್ಯಾನರ್ ಅದರ ಮೇಲೆ ಕೂರುವುದಿಲ್ಲ, ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಇಪ್ಪತ್ನಾಲ್ಕರದು ಹಾಕಿದರೆ ಗಡಗಡ ಅಲ್ಲಾಡುತ್ತದೆ. ಏಳು ಬೈ ಎಂಟಕ್ಕೆ ಏಳು ಬೈ ಎಂಟೇ ಆಗಬೇಕು.

ಊಟಕ್ಕೆ ತಡವಾದರೆ ಏನೂ ಅನ್ನದ ಮನುಷ್ಯ, ಬ್ಯಾಗಿನಲ್ಲಿ ಒಂದು ಸ್ಪ್ಯಾನರ್ ಜಾಗ ಬದಲಾಗಿದ್ದರೆ ಅರ್ಧ ದಿನ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿ ಶುರುವಾದಾಗ ಅಲ್ಲಿಗೆ ಸೇರುವ ಆಸೆ ಇವರಿಗಿತ್ತು, ವಯಸ್ಸು ಮೀರಿತ್ತು. ವಿಮಾನದ ಕೆಲಸ ಮಾಡುವ ಕಡೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗೂಡು ಕೊರೆದಿರುತ್ತಾರಂತೆ, ಸಂಜೆ ಒಂದು ಗೂಡು ಖಾಲಿ ಇದ್ದರೂ ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲವಂತೆ ಎಂದು ಯಾರೋ ಹೇಳಿದ್ದನ್ನು ನನಗೆ ಎಷ್ಟು ಸಲ ಹೇಳಿದ್ದರೋ. ದೇವಸ್ಥಾನದ ವಿಷಯ ಹೇಳುವವರ ಹಾಗೆ ಹೇಳುತ್ತಿದ್ದರು.

ನಮಗೆ ಮಕ್ಕಳಿಲ್ಲ. ಅವರ ತಂದೆ ನಮ್ಮ ಜೊತೆಗೇ ಇದ್ದರು, ನಮ್ಮ ಮನೆಯಲ್ಲೇ ತೀರಿಕೊಂಡರು. ಕೊನೆಯ ನಾಲ್ಕು ವರ್ಷ ಮಾವನವರಿಗೆ ಮರೆವಿನ ಕಾಯಿಲೆ. ಅದು ಶುರುವಾದದ್ದು ಒಂದು ಕುಡುಗೋಲಿನಿಂದ. ರಾಗಿ ಕೊಯ್ಯಲು ಹೊಲಕ್ಕೆ ಹೋದವರು ಕುಡುಗೋಲನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಹೊಲದ ದಾರಿ ಮರೆತರು, ಆಮೇಲೆ ಹೊಲ ಇದ್ದದ್ದನ್ನೇ ಮರೆತರು. ಕೊನೆಕೊನೆಗೆ ಮಗನನ್ನು ನೋಡಿ ‘ಯಾರಪ್ಪ ನೀನು, ನಮ್ಮನೇಲಿ ಏನ್ ಕೆಲ್ಸ’ ಅನ್ನುತ್ತಿದ್ದರು. ಎದ್ದು ರಸ್ತೆಗೆ ಹೋಗಿಬಿಡುತ್ತಾರೆಂದು ಹಗಲಿನಲ್ಲಿ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದೆವು. ಒಳಗಿಂದ ಅವರು ಬಾಗಿಲು ಬಡಿಯುತ್ತಿದ್ದ ಸದ್ದು ಕೇಳಿಸದ ಹಾಗೆ ನಾನು ಮಿಕ್ಸಿ ಹಾಕಿದ್ದೂ ಉಂಟು.

ಇನ್ನು ಆ ಸ್ಪ್ಯಾನರಿನ ವಿಷಯ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಮಿನಿ ಟ್ಯಾಂಕ್ ಇದೆ. ಅದರ ಕೆಳಗಿನ ಪೈಪಿನ ಜಾಯಿಂಟು ಸಡಿಲವಾಗಿ ಎರಡು ದಿನದಿಂದ ನೀರು ಚರಂಡಿಗೆ ಹರಿಯುತ್ತಿತ್ತು. ಹೇಳಿ ಕಳಿಸಿದರೂ ನೀರು ಬಿಡುವವನು ಬಂದಿರಲಿಲ್ಲ. ಕೈ ಹೋಗುವ ಹಿಂದಿನ ದಿನ ಸಂಜೆ ಇವರು ಮಾರನೇ ದಿನದ ಕೆಲಸಕ್ಕೆ ಬ್ಯಾಗನ್ನೆಲ್ಲ ನೋಡಿ ಜೋಡಿಸಿಟ್ಟು, ಕ್ಷೌರಕ್ಕೆಂದು ಪೇಟೆಗೆ ಹೋದರು. ನಾನು ಬ್ಯಾಗು ತೆಗೆದು, ಕಣ್ಣಳತೆಯಲ್ಲಿ ಎರಡು ಮೂರು ಸ್ಪ್ಯಾನರ್ ಆರಿಸಿಕೊಂಡು ಟ್ಯಾಂಕಿನ ಹತ್ತಿರ ಹೋದೆ. ಏಳು ಬೈ ಎಂಟರ ರಿಂಗ್ ಸ್ಪ್ಯಾನರ್ ಆ ನಟ್ಟಿನ ಮೇಲೆ ಸರಿಯಾಗಿ ಕೂತಿತು. ನಾಲ್ಕು ಸುತ್ತು ಬಿಗಿ ಮಾಡಿದೆ, ನೀರು ನಿಂತಿತು. ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರು ಭಲೇ ಎಂದರು. ಎದುರುಮನೆಯಾಕೆ ಇವರ ಮನೇಲಿ ಇನ್ಮೇಲೆ ಇಬ್ಬರು ಮೆಕ್ಯಾನಿಕ್ಕು ಎಂದಳು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಹೆಮ್ಮೆಯಲ್ಲಿ ಎರಡು ಬಿಂದಿಗೆ ನೀರು ಹೊತ್ತು ಮನೆಗೆ ಬಂದೆ. ಸಣ್ಣ ಸ್ಪ್ಯಾನರುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ, ಅವು ಬ್ಯಾಗು ಸೇರಿದವು. ಏಳು ಬೈ ಎಂಟು ಟ್ಯಾಂಕಿನ ಕಟ್ಟೆಯ ಮೇಲೇ ಉಳಿಯಿತು.

ಮಾರನೇ ದಿನ ಇವರು ಆರೂವರೆಗೆ ಹೊರಟರು, ದಾರಿಯಲ್ಲಿ ಇನ್ನೊಂದು ಕೆಲಸ ಮುಗಿಸಿಕೊಂಡು ಚೇಳೂರಿಗೆ ಹೋಗುವುದಿತ್ತು. ಬ್ಯಾಗು ಹಿಂದಿನ ಸಂಜೆಯೇ ನೋಡಿದ್ದರಿಂದ ಮತ್ತೆ ನೋಡಲಿಲ್ಲ. ಒಂಬತ್ತು ಗಂಟೆಗೆ ನಾನು ನೀರಿಗೆ ಹೋದಾಗ ಸ್ಪ್ಯಾನರ್ ಕಟ್ಟೆಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಸಂಜೆ ಅವರು ಬಂದು ಬ್ಯಾಗು ಬಿಚ್ಚುವ ಮೊದಲು ಹೇಗಾದರೂ ಒಳಗೆ ಸೇರಿಸಿಬಿಟ್ಟರಾಯಿತು ಎಂದುಕೊಂಡು ಅಡುಗೆಮನೆಗೆ ತಂದು ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟೆ.

ಚೇಳೂರಿನ ಆ ಫ್ಯಾಕ್ಟರಿಯ ಮಿಷನ್ನು ಹಳೆಯದು. ಒಳಗೆ ಕಬ್ಬಿಣದ ಹಲ್ಲುಗಳಿರುವ ದೊಡ್ಡ ಡ್ರಮ್ಮು ಸುತ್ತುತ್ತದೆ. ಮುಂದಿನ ಬಾಯಿಗೆ ಮಟ್ಟೆ ಕೊಟ್ಟರೆ ಅದು ಹರಿದು ನಾರು ಮಾಡಿ ಹಿಂದಕ್ಕೆ ಎಸೆಯುತ್ತದೆ. ಒಂದೆರಡು ಹಲ್ಲು ಮುರಿದಿದ್ದವು, ಮೇಲಿನ ಮುಚ್ಚಳ ತೆಗೆಯಬೇಕಿತ್ತು. ಸ್ವಿಚ್ಚು ಆರಿಸಿದ ಮೇಲೂ ಆ ಡ್ರಮ್ಮು ತನ್ನ ಭಾರಕ್ಕೆ ತಾನೇ ಐದಾರು ನಿಮಿಷ ತಿರುಗುತ್ತಿರುತ್ತದೆ. ಪೂರ್ತಿ ನಿಲ್ಲುವವರೆಗೆ ಹತ್ತಿರ ಹೋಗಬಾರದು ಎಂದು ಎಲ್ಲರಿಗೂ ಹೇಳುತ್ತಿದ್ದವರೇ ಇವರು. ಅವತ್ತು ಮಟ್ಟೆ ತುಂಬಿದ ಲಾರಿ ಬಾಗಿಲಲ್ಲಿ ನಿಂತಿತ್ತು. ಮೇಸ್ತ್ರಿ ಅವಸರ ಮಾಡುತ್ತಿದ್ದ. ಬ್ಯಾಗಿಗೆ ಕೈ ಹಾಕಿದರೆ ಏಳು ಬೈ ಎಂಟು ಇಲ್ಲ. ಎರಡು ಸಲ ಹುಡುಕಿ, ಇಪ್ಪತ್ನಾಲ್ಕರ ಬಾಯಿ ಸ್ಪ್ಯಾನರಿಗೆ ಹ್ಯಾಕ್ಸಾ ಬ್ಲೇಡಿನ ಒಂದು ಚೂರು ಸೇರಿಸಿ ನಟ್ಟಿಗೆ ಹಾಕಿದರು. ನಟ್ಟು ತುಕ್ಕು ಹಿಡಿದಿತ್ತು. ಮೈಯ ಭಾರವನ್ನೆಲ್ಲ ಬಿಟ್ಟು ಮುಂದಕ್ಕೆ ತಳ್ಳಿದರು. ಬ್ಲೇಡಿನ ಚೂರು ಮುರಿಯಿತು, ಸ್ಪ್ಯಾನರ್ ಜಾರಿತು, ಕೈ ನೇರ ಮಿಷನ್ನಿನ ಬಾಯಿಗೆ ಹೋಯಿತು. ಸದ್ದು ಆಗಲೇ ನಿಂತುಹೋಗಿತ್ತಂತೆ. ಡ್ರಮ್ಮು ನಿಂತಿರಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ ಇದ್ದೆವು. ಹೆಬ್ಬೆರಳು ಉಳಿಯಿತು, ಉಳಿದ ನಾಲ್ಕೂ ಬುಡದಿಂದ ಹೋದವು. ನಾಲ್ಕನೆಯ ದಿನ ಇವರು ಮೊದಲ ಸಲ ಸರಿಯಾಗಿ ಮಾತಾಡಿದ್ದು ಸ್ಪ್ಯಾನರಿನ ಬಗ್ಗೆಯೇ. ಸಂಜೆ ಬ್ಯಾಗಿನಲ್ಲಿ ಏಳು ಬೈ ಎಂಟನ್ನು ಕೈಯಿಂದ ಮುಟ್ಟಿ ನೋಡಿದ್ದೆ, ಬೆಳಿಗ್ಗೆ ಇರಲಿಲ್ಲ, ಹಾಗಾದರೆ ನಾನು ಮುಟ್ಟಿದ್ದು ಏನನ್ನು ಎಂದು ಕೇಳಿದರು. ನಾನು ನೆಲ ನೋಡುತ್ತಾ, ಈಗ ಅದೆಲ್ಲ ಯಾಕೆ ಎಂದೆ. ಆಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನರ್ಸು ಬ್ಯಾಂಡೇಜು ಬದಲಿಸಲು ಬಂದಳು. ಬಟ್ಟೆ ಬಿಚ್ಚುವಾಗ ಅವರು ಕಿರುಚಿದ್ದನ್ನು ಕೇಳಲಾರದೆ ನಾನು ವರಾಂಡಕ್ಕೆ ಹೋಗಿ ನಿಂತೆ. ಮಾರನೇ ದಿನ ಹೇಳೋಣ ಎಂದುಕೊಂಡೆ. ಮಾರನೇ ದಿನ ಇನ್ನೊಂದು ದಿನ ಎಂದುಕೊಂಡೆ. ಹೀಗೆ ಮುಂದಕ್ಕೆ ಹಾಕಿದ ಮಾತು ಹಾಕಿದಷ್ಟೂ ಭಾರವಾಗುತ್ತಾ ಹೋಯಿತು.

ಮನೆಗೆ ಬಂದು ಮೂರು ತಿಂಗಳಿಗೆ ಬೆಳ್ಳಾವಿ ಕಡೆಯ ಒಂದು ಫ್ಯಾಕ್ಟರಿಯಿಂದ ಫೋನು ಬಂತು. ಬೇರೆ ಫಿಟ್ಟರ್ ಯಾರೂ ಸಿಕ್ಕಿಲ್ಲ, ಬಂದು ಬಾಯಲ್ಲಾದರೂ ಹೇಳಿ, ನಮ್ಮವರೇ ಯಾರಾದರೂ ಬಿಚ್ಚುತ್ತಾರೆ ಎಂದರಂತೆ. ಇವರು ಫೋನು ಇಟ್ಟು ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಸಿಕ್ಕ ಸಿಕ್ಕವ್ರ ಕೈಲಿ ಬಿಚ್ಚಿಸಿದ್ರೆ ನಟ್ಟೆಲ್ಲ ಉಂಡೆ ಮಾಡಾಕ್ತಾರೆ. ನೀನ್ ಬಾ. ನಾನ್ ಹೇಳ್ದಂಗ್ ಮಾಡು," ಎಂದರು.

ಸೀರೆಯ ಮೇಲೆ ಅವರ ಹಳೇ ಖಾಕಿ ಶರಟು ಹಾಕಿಕೊಂಡು ಬ್ಯಾಗು ಹೊತ್ತು ಬಸ್ಸಿನಲ್ಲಿ ಹೋದೆ. ಮಟ್ಟೆ ರಾಶಿಯ ಹತ್ತಿರದ ಹೆಂಗಸರು ಕೆಲಸ ಬಿಟ್ಟು ನೋಡಲು ನಿಂತರು. ಇವರು ಒಂದು ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದರು. ಮೊದಲು ನಟ್ಟನ್ನು ವೈರ್ ಬ್ರಷ್ಷಿನಿಂದ ಉಜ್ಜು, ಗಲೀಜಿನ ಮೇಲೆ ಅಳತೆ ನೋಡಬಾರದು. ಸ್ಪ್ಯಾನರ್ ಹಾಕಿ ಅಲ್ಲಾಡಿಸಿ ನೋಡು, ಒಂದು ಚೂರು ಅಲುಗಿದರೂ ಅದಲ್ಲ, ಬೇರೆ ತೆಗೆ. ಬಾಯಿ ಸ್ಪ್ಯಾನರ್ ನಟ್ಟನ್ನು ಎರಡು ಮಗ್ಗುಲಲ್ಲಿ ಹಿಡಿಯುತ್ತದೆ, ರಿಂಗು ಆರು ಮೂಲೆಯನ್ನೂ ಹಿಡಿಯುತ್ತದೆ. ಆದ್ದರಿಂದ ಬಿಗಿ ಒಡೆಯುವುದು ಯಾವಾಗಲೂ ರಿಂಗಿನಿಂದ, ಸಡಿಲವಾದ ಮೇಲೆ ಬೇಗ ಬಿಚ್ಚುವುದಕ್ಕೆ ಬೇಕಾದರೆ ಬಾಯಿ ಸ್ಪ್ಯಾನರ್. ಹಿಡಿಕೆಗೆ ಪೈಪು ಸಿಕ್ಕಿಸಿ ಉದ್ದ ಮಾಡಬಾರದು, ಸುತ್ತಿಗೆಯಲ್ಲಿ ಹೊಡೆಯಬಾರದು. ಬರದಿದ್ದರೆ ಡೀಸೆಲ್ ಬಿಟ್ಟು ಕಾಯಬೇಕು. ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರ್ ಆದಷ್ಟು ಮುಟ್ಟಬೇಡ, ಮುಟ್ಟಿದರೆ ಅಲುಗಾಡುವ ದವಡೆ ನೀನು ಎಳೆಯುವ ಕಡೆಗಿರಬೇಕು.

ನಾನು ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕಿ, ಸೊಂಟ ಬಗ್ಗಿಸಿ ತಳ್ಳಿದೆ. ಸ್ಟೂಲು ಹಿಂದಕ್ಕೆ ಬಿದ್ದ ಸದ್ದಾಯಿತು. ಅವರು ಎದ್ದು ಬಂದು ನನ್ನ ಕೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು.

"ತಳ್ಬೇಡ. ಯಾವತ್ತೂ ತಳ್ಬೇಡ. ನಿನ್ ಕಡೀಗ್ ಎಳ್ಕೋ. ಜಾರಿದ್ರೆ ನೀನ್ ಹಿಂದಕ್ ಬೀಳ್ತೀಯ ಅಷ್ಟೇ. ತಳ್ಳಿ ಜಾರಿದ್ರೆ ಕೈ ಎಲ್ಲಿಗ್ ಹೋಯ್ತದೆ ಅಂತ ನೋಡಿದೀಯಲ್ಲ."

ಅಲ್ಲಿಂದ ಸುಮಾರು ಎರಡು ವರ್ಷ ನಾನು ಅವರ ಬಲಗೈ. ನನಗೆ ಕೆಲಸ ಬಂತು, ನಾನೇ ಬೆರಗಾಗುವಷ್ಟು ಬೇಗ ಬಂತು. ಬೋಲ್ಟು ಬಿಗಿಯಾಗುತ್ತಾ ಬಂದು ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಮೆತ್ತಗೆ ಎನ್ನಿಸುತ್ತದೆ, ಅದು ಕಬ್ಬಿಣ ಸೋಲುವ ಹೊತ್ತು, ಅದಕ್ಕೆ ಮೊದಲೇ ನಿಲ್ಲಿಸಬೇಕು. ಅದು ಮಾತಿನಲ್ಲಿ ಕಲಿಯುವ ವಿದ್ಯೆಯಲ್ಲ, ಮಣಿಕಟ್ಟಿಗೆ ಗೊತ್ತಾಗಬೇಕು. ನನ್ನ ಮಣಿಕಟ್ಟಿಗೆ ಗೊತ್ತಾಯಿತು. ನಾರಿನ ಹೆಂಗಸರು ನನ್ನನ್ನು ಮೆಕ್ಯಾನಿಕ್ಕಮ್ಮ ಎನ್ನತೊಡಗಿದರು. ಇವರು ಮಾತ್ರ ಒಂದು ದಿನವೂ ಚೆನ್ನಾಗಿ ಮಾಡಿದೆ ಎನ್ನಲಿಲ್ಲ. ತಪ್ಪಿದರೆ ಎಲ್ಲರ ಎದುರಿಗೆ ಕೂಗಾಡುತ್ತಿದ್ದರು. ಒಮ್ಮೆ ಬೋಲ್ಟು ಮುರಿದಾಗ ಬ್ಯಾಗನ್ನೇ ಕಾಲಿನಿಂದ ಒದ್ದರು. ಬೇರೆ ಹೆಂಗಸಾಗಿದ್ದರೆ ತಿರುಗಿ ಮಾತಾಡುತ್ತಿದ್ದಳು. ನಾನು ಚೆಲ್ಲಿದ ಸ್ಪ್ಯಾನರುಗಳನ್ನು ಹೆಕ್ಕಿ ಒರೆಸಿ ಆಯಾ ಖಾನೆಗೆ ಸೇರಿಸಿದೆ. ಬೈಸಿಕೊಂಡ ದಿನ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಏಳು ಬೈ ಎಂಟು ಹೊಸದು ಕೊಂಡಿದ್ದೆವು. ಹಳೆಯದು ಡಬ್ಬಿಯ ಹಿಂದೆಯೇ ಇತ್ತು. ದಿನಾ ರಾಗಿಹಿಟ್ಟು ತೆಗೆಯುವಾಗ ಬಟ್ಟೆಯ ಗಂಟು ಕಾಣಿಸುತ್ತಿತ್ತು. ಬಾವಿಗೋ ಕೆರೆಗೋ ಎಸೆಯಬಹುದಿತ್ತು, ಅದನ್ನೂ ಮಾಡಲಿಲ್ಲ. ಒಂದು ದಿನ ಎದುರುಮನೆಯಾಕೆ ಇವರ ಮುಂದೆಯೇ, ನಿಮ್ಮ ಹೆಂಡತಿ ಆವಾಗಲೇ ಟ್ಯಾಂಕು ರಿಪೇರಿ ಮಾಡಿದವಳು, ಅವಳಿಗೆ ಇದೇನು ಹೊಸದೇ ಎಂದುಬಿಟ್ಟಳು. ಇವರು ಹೌದಾ ಎಂದರು. ಯಾವಾಗ ಎಂದು ಕೇಳಲಿಲ್ಲ.

ಕೇಳದಿದ್ದದ್ದಕ್ಕೆ ಕಾರಣ ನನಗೆ ನಿಧಾನವಾಗಿ ತಿಳಿಯಿತು. ಅವರಿಗೆ ಅನುಮಾನ ಇದ್ದದ್ದು ಬೇರೆ ಯಾರ ಮೇಲೂ ಅಲ್ಲ, ತಮ್ಮ ತಲೆಯ ಮೇಲೆ. ಮನೆಯ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತಿದ್ದರು. ಗ್ಯಾಸ್ ಆರಿದೆಯೇ ಎಂದು ಮೂರು ಸಲ ನೋಡುತ್ತಿದ್ದರು. ಎಡಗೈಯಲ್ಲಿ ಬರೆಯಲು ಕಲಿತು ಒಂದು ಚಿಕ್ಕ ಪುಸ್ತಕದಲ್ಲಿ ಸೊಟ್ಟಸೊಟ್ಟ ಅಕ್ಷರದಲ್ಲಿ ದಿನದ್ದೆಲ್ಲ ಗುರುತು ಮಾಡುತ್ತಿದ್ದರು. ಬೆಳಿಗ್ಗೆ ಏನು ತಿಂಡಿ, ಯಾವ ಬಸ್ಸು, ಯಾರು ಸಿಕ್ಕಿದರು. ಸಂಜೆ ಪುಸ್ತಕ ಮುಚ್ಚಿ ಕೂತು, ಬರೆದದ್ದನ್ನು ತಮಗೆ ತಾವೇ ಒಪ್ಪಿಸಿಕೊಂಡು, ಮತ್ತೆ ತೆರೆದು ಸರಿ ಇದೆಯೇ ಎಂದು ನೋಡುತ್ತಿದ್ದರು. ಒಮ್ಮೆ ತುಮಕೂರಿನಲ್ಲಿ ಡಾಕ್ಟರಿಗೂ ತೋರಿಸಿದರು. ಡಾಕ್ಟರು ಏನೇನೋ ಕೇಳಿ, ನಿಮ್ಮ ನೆನಪು ನನಗಿಂತ ಚೆನ್ನಾಗಿದೆ ಎಂದು ಕಳಿಸಿದರು. ಇವರು ನಂಬಲಿಲ್ಲ. ಅಪ್ಪನಿಗೂ ಮೊದಲ ವರ್ಷ ಹಾಗೇ ಹೇಳಿದ್ದರು ಎಂದರು.

ಆ ಹೊತ್ತಿನಲ್ಲೇ ಅವರಿಗೊಂದು ಕೆಲಸ ಬಂತು. ತುಮಕೂರಿನ ಒಂದು ಖಾಸಗಿ ಐಟಿಐಯಲ್ಲಿ ವರ್ಕ್‌ಶಾಪಿನ ಮೇಷ್ಟ್ರ ಕೆಲಸ. ಕೈ ಇಲ್ಲದಿದ್ದರೂ ಪರವಾಗಿಲ್ಲ, ಬಾಯಲ್ಲಿ ಹೇಳಿಕೊಟ್ಟರೆ ಸಾಕು ಎಂದು ಅವರ ಜೊತೆ ಓದಿದವರೊಬ್ಬರು ಮನೆಗೇ ಬಂದು ಕರೆದರು. ನನಗೆ ಆನಂದವಾಯಿತು. ಇವರು ಒಂದು ದಿನ ಯೋಚಿಸಿ ಬೇಡ ಎಂದರು.

"ಮಕ್ಳ ಕೈಗ್ ಮಿಷನ್ ಕೊಡೋ ಜಾಗ ಅದು," ಎಂದರು ನನಗೆ. "ನಾನ್ ಒಂದಿನ ಏನಾರ ಮರ್ತ್ರೆ ಯಾವ ಮಗಿಂದೋ ಬೆಳ್ಳು ಹೋಯ್ತದೆ. ನಂಗ್ ಶುರುವಾಗೈತೆ ಕಣೇ. ಅಪ್ಪಂಗೆ ಕುಡ್ಲು, ನಂಗೆ ಸ್ಪ್ಯಾನರ್ರು."

ಆಗಲೂ ನಾನು ಹೇಳಲಿಲ್ಲ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಸ್ನೇಹಿತರಿಗೆ ಫೋನು ಮಾಡಿ ಬೇಡವೆಂದು ಹೇಳುವಾಗ ನಾನು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದೆ. ಒಂದು ಮಾತು ಸಾಕಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಭಯಕ್ಕೆ ಆ ಮಾತನ್ನು ನುಂಗಿದೆ.

ಅದಾಗಿ ಎರಡು ತಿಂಗಳಿಗೆ, ಒಂದು ಭಾನುವಾರ ಮಧ್ಯಾಹ್ನ, ಊಟ ಮಾಡುತ್ತಿದ್ದವರು ತುತ್ತು ಬಿಟ್ಟು ನನ್ನನ್ನು ಕರೆದರು. ಎಡಗೈಯಲ್ಲಿ ಊಟ ಮಾಡುವುದು ಅವರಿಗೆ ಆಗಲೂ ರೂಢಿಯಾಗಿರಲಿಲ್ಲ, ತಟ್ಟೆಯ ಸುತ್ತ ಅನ್ನ ಬೀಳುತ್ತಿತ್ತು. ಮಾವನವರು ಇದ್ದ ಕೋಣೆಯ ಬಾಗಿಲನ್ನು ನೋಡುತ್ತಾ ಹೇಳಿದರು.

"ನಾನು ಅಪ್ಪನಂಗ್ ಆದಾಗ ಒಳಗ್ ಹಾಕಿ ಚಿಲ್ಕ ಹಾಕ್ಬೇಡ. ಹೊರಗ್ ಬುಟ್ಬುಡು. ಲಾರಿ ಕೆಳಗ್ ಹೋದ್ರೂ ಹೋಗ್ಲಿ. ಆ ಬಾಗ್ಲು ಬಡಿಯೋದ್ ಮಾತ್ರ ನಂಗ್ ಬ್ಯಾಡ."

ನಾನು ಎದ್ದು ಅಡುಗೆಮನೆಗೆ ಹೋದೆ. ಡಬ್ಬಿ ಸರಿಸಿ ಬಟ್ಟೆಯ ಗಂಟು ತಂದು ಅವರ ತಟ್ಟೆಯ ಪಕ್ಕದಲ್ಲಿ ಬಿಚ್ಚಿಟ್ಟೆ. ಸ್ಪ್ಯಾನರಿಗೆ ಅಲ್ಲಲ್ಲಿ ತುಕ್ಕು ಬಂದಿತ್ತು. ನೀವು ಮರೆತಿರಲಿಲ್ಲ, ನಾನು ತೆಗೆದುಕೊಂಡಿದ್ದೆ ಎಂದೆ. ಟ್ಯಾಂಕಿನ ವಿಷಯ, ಕಟ್ಟೆಯ ಮೇಲೆ ಬಿಟ್ಟು ಬಂದದ್ದು ಎಲ್ಲ ಹೇಳಿದೆ. ಅಳು ಬರಲಿಲ್ಲ. ಅಷ್ಟು ದಿನದ ಮಾತು ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.

ಅವರು ಸ್ಪ್ಯಾನರನ್ನು ಎತ್ತಿ ಅಂಕಿ ನೋಡಿದರು. ಮತ್ತೆ ಕೆಳಗಿಟ್ಟರು.

"ಟ್ಯಾಂಕಿಂದ ಮನೆಗ್ ತಂದಿದ್ದು ಎಷ್ಟೊತ್ಗೆ?"

"ಬೆಳಿಗ್ಗೆ ಒಂಬತ್ತಕ್ಕೆ."

"ನಂಗಾಗಿದ್ದು ಹನ್ನೊಂದಕ್ಕೆ." ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ಫೋನ್ ಮಾಡ್ಬೋದಿತ್ತಲ್ಲ," ಎಂದರು.

"ಬೈತೀರ ಅಂತ ಮಾಡ್ಲಿಲ್ಲ."

ಅವರು ಕೈ ತೊಳೆದುಕೊಂಡು ಹೊರಗೆ ಹೋದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದರೆಂದು ಆಮೇಲೆ ಯಾರೋ ಹೇಳಿದರು. ಮಾರನೇ ದಿನ ಎರಡು ಜೊತೆ ಬಟ್ಟೆ ತೆಗೆದುಕೊಂಡು ಕುಣಿಗಲ್ಲಿಗೆ, ಅವರ ಅಕ್ಕನ ಮನೆಗೆ ಹೊರಟರು. ಗಂಡ ಸತ್ತ ಮೇಲೆ ಆಕೆ ಅಲ್ಲೊಂದು ದಿನಸಿ ಅಂಗಡಿ ನಡೆಸುತ್ತಾರೆ. ಹೋಗುವಾಗ ಕೂಗಾಡಲಿಲ್ಲ, ಬಯ್ಯಲಿಲ್ಲ. ಚಿಕ್ಕ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಅದು ಇನ್ನು ಅವರಿಗೆ ಬೇಕಿರಲಿಲ್ಲ.

ಐಟಿಐಯ ಸ್ನೇಹಿತರಿಗೆ ನಾನೇ ಫೋನು ಮಾಡಿದೆ. ಆ ಜಾಗಕ್ಕೆ ಬೇರೆಯವರು ಬಂದು ತಿಂಗಳಾಗಿತ್ತು.

ಎರಡು ವಾರ ಬಿಟ್ಟು ಕುಣಿಗಲ್ಲಿಗೆ ಹೋದೆ. ಅವರು ಅಂಗಡಿಯ ಒಳಗೆ ಬೇಳೆಯ ಮೂಟೆಗಳ ಹಿಂದೆ ಕೂತಿದ್ದರು, ನನ್ನನ್ನು ನೋಡಿ ಎದ್ದು ಒಳಕೋಣೆಗೆ ಹೋದರು. ಅವರ ಅಕ್ಕ ನನಗೆ ಕಾಫಿ ಕೊಟ್ಟು, ಸ್ವಲ್ಪ ದಿನ ಬುಡವ್ವ, ತಾನೇ ಬತ್ತಾನೆ ಎಂದರು. ನಾನು ಮಾಡಿದ್ದನ್ನು ಅವರು ಆಕೆಗೆ ಹೇಳಿರಲಿಲ್ಲ. ಹಾಗೆಂದು ತಿಳಿದಾಗ ನನಗೆ ಇನ್ನಷ್ಟು ಕಷ್ಟವಾಯಿತು.

ಮತ್ತೆ ಹೋದದ್ದು ನಾಲ್ಕು ತಿಂಗಳ ಮೇಲೆ. ಆ ಸಲ ಅವರೇ ನಡಿ ಎಂದು ಕೆರೆ ಏರಿಯ ಕಡೆ ಕರೆದುಕೊಂಡು ಹೋದರು. ಕೆರೆ ತುಂಬಿತ್ತು, ಗಾಳಿ ಜೋರಾಗಿತ್ತು. ನಾನು ತಪ್ಪಾಯಿತು ಎನ್ನಲು ಶುರು ಮಾಡಿದೆ. ಅವರು ಎಡಗೈ ಎತ್ತಿ ನಿಲ್ಲಿಸಿದರು.

"ಕೈ ಹೋಗಿದ್ದು ನನ್ ತಪ್ಪು. ಡ್ರಮ್ಮು ನಿಲ್ಲೋಗಂಟ ಕಾಯ್ಬೇಕಿತ್ತು, ಕಾಯ್ಲಿಲ್ಲ. ಸ್ಪ್ಯಾನರ್ ಇಲ್ದಿದ್ರೆ ಕೆಲ್ಸ ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ಅದುಕ್ಕೆ ನಿನ್ ಮ್ಯಾಲೆ ನಂಗೇನೂ ಇಲ್ಲ." ನೀರಿನ ಕಡೆ ನೋಡಿಕೊಂಡೇ ಮುಂದುವರಿಸಿದರು. "ಆದ್ರೆ ಎರಡ್ ವರ್ಷ ನಾನು ದಿನಾ ಅಪ್ಪನಂಗ್ ಆಯ್ತಿದೀನಿ ಅಂತ ಸಾಯ್ತಿದ್ದೆ. ನೀನು ಪಕ್ಕದಲ್ಲೇ ಕೂತ್ಕಂಡ್ ನೋಡ್ತಿದ್ದೆ. ಅದುನ್ನ ನಾನ್ ಹೆಂಗ್ ಮರೀಲಿ, ಹೇಳು."

ಅವರು ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಬಸ್ಸು ಹೊರಡುವ ಮೊದಲೇ ಹಿಂತಿರುಗಿದರು.

ಕೆಲಸ ನಾನು ಬಿಡಲಿಲ್ಲ. ಬಿಟ್ಟರೆ ಬದುಕು ಹೇಗೆ ಎನ್ನುವುದು ಒಂದು, ಮನೆಯಲ್ಲಿ ಒಬ್ಬಳೇ ಕೂರಲು ಆಗದಿದ್ದದ್ದು ಇನ್ನೊಂದು. ಒಬ್ಬಳೇ ಹೋದ ಮೊದಲ ದಿನ ಬೆಳ್ಳಾವಿಯಲ್ಲಿ ಒಂದು ಬೋಲ್ಟಿನ ತಲೆ ಮುರಿದುಹಾಕಿದೆ. ಸ್ಟೂಲಿನ ಮೇಲೆ ಬಯ್ಯಲು ಯಾರೂ ಇರಲಿಲ್ಲ. ಮುರಿದ ತುಂಡನ್ನು ಕೊರೆದು ತೆಗೆಯಲು ಮಧ್ಯಾಹ್ನದವರೆಗೂ ಹಿಡಿಯಿತು, ಅಂಗೈಯ ಚರ್ಮ ಸುಲಿದುಹೋಯಿತು. ಈಗ ನನಗೆ ನನ್ನದೇ ಕ್ರಮ ಇದೆ. ಸ್ವಿಚ್ಚು ಆರಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಡ್ರಮ್ಮಿನ ಪುಲ್ಲಿ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿ, ಅದು ತಿರುಗದಂತೆ ಸಂದಿಗೆ ಮರದ ತುಂಡು ಹೊಡೆದ ಮೇಲೆಯೇ ಬ್ಯಾಗು ಬಿಚ್ಚುತ್ತೇನೆ. ಮೇಸ್ತ್ರಿಗಳು ಅವಸರ ಮಾಡಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಸರಿಯಾದ ಅಳತೆ ಸಿಗದಿದ್ದರೆ ನಾಳೆ ಬರುತ್ತೇನೆಂದು ಎದ್ದು ಬರುತ್ತೇನೆ. ಇದರಿಂದ ಒಂದೆರಡು ಫ್ಯಾಕ್ಟರಿ ಕೈತಪ್ಪಿವೆ.

ವರ್ಷ ತುಂಬುತ್ತಾ ಬಂದಾಗ ಅವರು ಫೋನಿಗೆ ಉತ್ತರ ಕೊಡಲು ಶುರು ಮಾಡಿದರು. ಮಿಷನ್ನಿನ ವಿಷಯಕ್ಕೆ ಮಾತ್ರ. ಇಂಥ ಬೇರಿಂಗು ಹೊರಗೆ ಬರುತ್ತಿಲ್ಲ ಎಂದರೆ ಹೇಗೆ ತೆಗೆಯಬೇಕೆಂದು ಹೇಳುತ್ತಾರೆ, ಬಂತೇ ಎಂದು ಕೇಳುತ್ತಾರೆ, ಬಂತು ಎಂದರೆ ಇಡುತ್ತಾರೆ. ಊಟ ಆಯಿತೇ ಎಂದು ನಾನು ಕೇಳಿದರೆ ಹ್ಞೂಂ ಎನ್ನುತ್ತಾರೆ. ಅವರಾಗಿ ಕೇಳುವುದಿಲ್ಲ. ಕೆಲವೊಮ್ಮೆ ನನಗೆ ಗೊತ್ತಿರುವ ಕೆಲಸಕ್ಕೂ ಫೋನು ಮಾಡುತ್ತೇನೆ. ಅವರಿಗೂ ಅದು ಗೊತ್ತಾಗುತ್ತದೆ ಎಂದೇ ನನ್ನ ಅನಿಸಿಕೆ. ಆದರೂ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತಾರೆ.

ಕಳೆದ ತಿಂಗಳು ಅಂಗವಿಕಲರ ಕಾರ್ಡಿನ ಕೆಲಸಕ್ಕೆಂದು ಗುಬ್ಬಿಯ ಕಚೇರಿಗೆ ಬಂದಿದ್ದರು. ಬಲಗೈಯ ಬೆರಳಚ್ಚು ಇಲ್ಲದ್ದರಿಂದ ಎಡಗೈಯದು ತೆಗೆದುಕೊಂಡು, ಅದೂ ಸರಿಯಾಗಿ ಬರುತ್ತಿಲ್ಲವೆಂದು ಮೂರು ಸಲ ಕೂರಿಸಿ ಎಬ್ಬಿಸಿದರಂತೆ. ಮಧ್ಯಾಹ್ನ ಮನೆಗೆ ಬಂದರು. ಮುದ್ದೆ ಸೊಪ್ಪಿನ ಸಾರು ಮಾಡಿದ್ದೆ, ಉಂಡರು. ಎಡಗೈಯಲ್ಲಿ ಈಗ ಒಂದು ಚೂರೂ ಚೆಲ್ಲದೆ ಉಣ್ಣುತ್ತಾರೆ. ಆಮೇಲೆ ಹಿತ್ತಲಿನ ಶೆಡ್ಡಿಗೆ ಹೋಗಿ, ನಾನು ರಿಪೇರಿ ಮಾಡಿ ಅರ್ಧ ಜೋಡಿಸಿಟ್ಟಿದ್ದ ನೀರಿನ ಪಂಪನ್ನು ನೋಡಿದರು. ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬಾ, ಒಂದೇ ಕಡೆಯಿಂದ ಸುತ್ತಿಕೊಂಡು ಬಂದರೆ ಗ್ಯಾಸ್ಕೆಟ್ ಒಂದೇ ಕಡೆ ಕಚ್ಚಿಕೊಂಡು ನೀರು ಸೋರುತ್ತದೆ ಎಂದರು. ಗೊತ್ತು ಎಂದೆ. ಹ್ಞೂಂ ಎಂದರು.

ಇರಿ ಎಂದು ನಾನು ಅನ್ನಲಿಲ್ಲ. ಇರುತ್ತೇನೆ ಎಂದು ಅವರೂ ಅನ್ನಲಿಲ್ಲ. ನಾಲ್ಕು ಗಂಟೆಯ ತುಮಕೂರು ಬಸ್ಸಿಗೆ ಹೊರಟರು, ಅಲ್ಲಿಂದ ಕುಣಿಗಲ್ಲಿಗೆ ಬೇರೆ ಬಸ್ಸು. ನಾನೂ ಸ್ಟ್ಯಾಂಡಿನವರೆಗೆ ಹೋದೆ. ಎಡಗೈಯಿಂದ ಕಂಬಿ ಹಿಡಿದು ಹತ್ತಿ, ಕಿಟಕಿಯ ಪಕ್ಕ ಕೂತು, ಟಿಕೆಟ್ ತೆಗೆದುಕೊಳ್ಳಲು ಕಂಡಕ್ಟರ್ ಕಡೆ ನೋಡಿದರು. ಬಸ್ಸು ಹೋದ ಮೇಲೆ ನಾನು ಅಲ್ಲೇ ಒಂದು ಸೇರು ಕಡ್ಲೆಕಾಯಿ ಕೊಂಡು, ನಡೆದುಕೊಂಡು ಮನೆಗೆ ಬಂದು, ಪಂಪಿನ ಉಳಿದ ಬೋಲ್ಟುಗಳನ್ನು ಹಾಕತೊಡಗಿದೆ.